ಶವಕ್ಕೆ ನೀರು ಬಿಡುವ ಮುನ್ನ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಅಸಹಜ ಸಾವಿನ ತನಿಖೆಯಲ್ಲಿ ಶವದ ಮೇಲಿನ ಕೀಟಗಳನ್ನು ಸಾಕ್ಷ್ಯವಾಗಿ ಸಂಗ್ರಹಿಸುವ ಕುರಿತು.

ಮಾನ್ಯರೇ,

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೃಷಿ ಕೀಟಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಭತ್ತದ ಕಾಂಡಕೊರಕ, ತೊಗರಿಯ ಕಾಯಿಕೊರಕ, ಮಾವಿನ ಹಣ್ಣುನೊಣ ಇವೇ ನನ್ನ ಕಸುಬು; ಪೊಲೀಸ್ ಠಾಣೆಗೂ ನನಗೂ ಯಾವ ವ್ಯವಹಾರವೂ ಇರಲಿಲ್ಲ. ಅದು ಶುರುವಾದದ್ದು ಒಂದು ಉಪ್ಪಿನಕಾಯಿ ಬಾಟಲಿಯಿಂದ. ಕೃಷಿ ಪದವಿ ಮುಗಿಸಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಲವು ವರ್ಷಗಳ ಹಿಂದೆ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟ. ಒಳಗೆ ಫಾರ್ಮಲಿನ್ ಎಂಬ, ಕೆಡದಂತೆ ಇಡುವ ದ್ರಾವಣದಲ್ಲಿ ಮುದುಡಿ ಕಪ್ಪಿಟ್ಟಿದ್ದ ಇಪ್ಪತ್ತು ಮೂವತ್ತು ಹುಳುಗಳಿದ್ದವು. "ಸಾರ್, ಇವುಗಳನ್ನು ನೋಡಿ ಆ ಹೆಂಗಸು ಸತ್ತು ಎಷ್ಟು ದಿನವಾಗಿತ್ತು ಅಂತ ಹೇಳೋಕಾಗುತ್ತಾ?" ಎಂದು ಕೇಳಿದ.

ಹೆಂಡತಿ ಮನೆ ಬಿಟ್ಟು ಹೋಗಿ ಎಂಟು ದಿನವಾಯಿತೆಂದು ಗಂಡ ಹೇಳಿದ್ದ. ಐದು ದಿನದ ಹಿಂದೆ ಅವಳನ್ನು ಹಿತ್ತಲಲ್ಲಿ ಕಂಡಿದ್ದೆನೆಂದು ನೆರೆಮನೆಯ ಮುದುಕಿ ಹೇಳಿದ್ದಳು. ಇಬ್ಬರಲ್ಲಿ ಯಾರ ಮಾತು ನಿಜವೆಂಬುದರ ಮೇಲೆ ಇಡೀ ಪ್ರಕರಣ ನಿಂತಿತ್ತು. ಹುಳುಗಳನ್ನು ಶವದ ಯಾವ ಭಾಗದಿಂದ ತೆಗೆದೆ, ಸುತ್ತಲಿನ ಮಣ್ಣು ಕೆದಕಿ ನೋಡಿದೆಯಾ, ಅಲ್ಲಿ ಬಿಸಿಲಿತ್ತೋ ನೆರಳಿತ್ತೋ ಎಂದೆಲ್ಲ ನಾನು ವಿಚಾರಿಸಿದೆ. ಅವನು ತಲೆ ತಗ್ಗಿಸಿದ. ಶವಾಗಾರದ ಸಿಬ್ಬಂದಿ ವೈದ್ಯರು ಬರುವ ಮೊದಲೇ ಪೈಪು ಹಿಡಿದು ನೀರು ಬಿಟ್ಟು ಶವವನ್ನು ತೊಳೆದಿದ್ದರು. ಚರಂಡಿಯ ಅಂಚಿನಲ್ಲಿ ಉಳಿದಿದ್ದ ಹುಳುಗಳನ್ನು ಇವನು ತನ್ನ ಬುದ್ಧಿಯಿಂದಲೇ ಆಯ್ದು ತಂದಿದ್ದ. ಫಾರ್ಮಲಿನ್‌ನಲ್ಲಿ ಹುಳು ಕುಗ್ಗುತ್ತದೆ, ಗಡುಸಾಗುತ್ತದೆ, ಅದರ ಡಿಎನ್‌ಎ ಕೂಡ ಹಾಳಾಗುತ್ತದೆ. ಉದ್ದ ಅಳೆದರೆ ಸುಳ್ಳು ಉತ್ತರ ಬರುತ್ತಿತ್ತು. ಐದು ದಿನವೂ ಇರಬಹುದು, ಎಂಟು ದಿನವೂ ಇರಬಹುದು ಎಂದು ಹೇಳಿ ಕಳಿಸಿದೆ. ಆ ಪ್ರಕರಣ ಮುಂದೇನಾಯಿತೆಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವಾಗಲಿಲ್ಲ ಎಂಬುದೇ ಸರಿ.

ಅಂದಿನಿಂದ ಈ ವಿಷಯವನ್ನು ಓದುತ್ತ ಬಂದಿದ್ದೇನೆ. ತಮ್ಮಲ್ಲಿ ನಾನು ಕೇಳಿಕೊಳ್ಳುವುದು ಒಂದೇ ಮಾತು: ಶವಕ್ಕೆ ನೀರು ಬೀಳುವ ಮೊದಲು, ಸಾಧ್ಯವಾದರೆ ಅದನ್ನು ಸ್ಥಳದಿಂದ ಎತ್ತುವ ಮೊದಲೇ, ಅದರ ಮೇಲಿನ ಮತ್ತು ಸುತ್ತಲಿನ ಹುಳುಗಳನ್ನು ಕ್ರಮವಾಗಿ ಸಂಗ್ರಹಿಸಿ ಮಹಜರಿನಲ್ಲಿ ದಾಖಲಿಸಬೇಕೆಂದು ಇಲಾಖೆ ಆದೇಶ ಹೊರಡಿಸಬೇಕು.

ಇದರ ಹಿಂದಿನ ತರ್ಕ ನಮ್ಮ ರಾಜ್ಯದವರಿಗೆ ಹೊಸದಲ್ಲ. ಶಿಡ್ಲಘಟ್ಟದ ಕಡೆಯ ಯಾವುದೇ ರೇಷ್ಮೆ ರೈತರ ಮನೆಗೆ ಹೋಗಿ ತಟ್ಟೆಯಲ್ಲಿರುವ ಹುಳುವನ್ನು ತೋರಿಸಿದರೆ, ಇದು ಎರಡನೇ ಜ್ವರ (ಅಂದರೆ ಪೊರೆ ಕಳಚುವುದು) ಎದ್ದ ಹುಳು, ಇದು ನಾಲ್ಕನೇ ಜ್ವರಕ್ಕೆ ಕೂತಿದೆ, ಇದು ಹಣ್ಣಾಗಿದೆ, ನಾಳೆ ಗೂಡು ಕಟ್ಟಿಸುವ ಚಂದ್ರಿಕೆಗೆ ಹಾಕಬೇಕು ಎಂದು ಮನೆಯ ಹೆಣ್ಣುಮಕ್ಕಳೇ ಹೇಳುತ್ತಾರೆ. ಮೊಟ್ಟೆ ಒಡೆದು ಎಷ್ಟು ದಿನವಾಯಿತೆಂಬ ಲೆಕ್ಕ ಅವರ ಕಣ್ಣಿನಲ್ಲೇ ಇರುತ್ತದೆ. ಚಳಿಗಾಲದಲ್ಲಿ ಹುಳು ನಿಧಾನವಾಗುತ್ತದೆಂದೂ ಅವರಿಗೆ ಗೊತ್ತು; ಅದಕ್ಕೇ ಹುಳುಮನೆಗೆ ಶಾಖ ಕೊಡುತ್ತಾರೆ. ಶವದ ಮೇಲಿನ ನೊಣದ ಹುಳುವಿನದೂ ಇದೇ ಲೆಕ್ಕ. ರೇಷ್ಮೆ ಹುಳುವಿಗೆ ನಾಲ್ಕು ಜ್ವರ, ಐದು ಹಂತ. ನೊಣದ ಹುಳುವಿಗೆ ಎರಡೇ ಜ್ವರ, ಮೂರು ಹಂತ.

ಮೀನು ಮಾರುಕಟ್ಟೆಯಲ್ಲಿ ಹಸಿರಾಗಿ, ನೀಲಿಯಾಗಿ ಹೊಳೆಯುತ್ತ ಹಾರಾಡುವ ದಪ್ಪ ನೊಣಗಳನ್ನು ತಾವು ನೋಡಿರುತ್ತೀರಿ. ಕ್ರೈಸೋಮಿಯಾ, ಲೂಸಿಲಿಯಾ ಜಾತಿಗಳ ಈ ನೊಣಗಳು ಹಗಲಿನಲ್ಲಿ ತೆರೆದ ಜಾಗದಲ್ಲಿ ಬಿದ್ದ ಶವಕ್ಕೆ ಎಲ್ಲರಿಗಿಂತ ಮೊದಲು, ಎಷ್ಟೋ ಸಲ ನಿಮಿಷಗಳಲ್ಲೇ, ಬರುತ್ತವೆ. ಕಣ್ಣಿನ ಮೂಲೆ, ಮೂಗು, ಬಾಯಿ, ಗಾಯದ ಅಂಚು ಹೀಗೆ ಪಸೆಯಿರುವ ಕಡೆ ಗುಂಪಾಗಿ ಮೊಟ್ಟೆಯಿಡುತ್ತವೆ. ನಮ್ಮ ಸೆಕೆಯಲ್ಲಿ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಮರಿ ಯಾವ ಹಂತದ್ದೆಂದು ತಿಳಿಯಲು ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕ ಸಾಕು. ಅದರ ಮೊಂಡಾದ ಹಿಂತುದಿಯನ್ನು ಮಸೂರದ ಕೆಳಗೆ ತಿರುಗಿಸಿ ಹಿಡಿದರೆ ಎರಡು ಪುಟ್ಟ ಕಂದು ಬಿಲ್ಲೆಗಳು ಕಾಣುತ್ತವೆ. ಹುಳು ಉಸಿರಾಡುವುದು ಅವುಗಳಿಂದ. ಪ್ರತಿ ಬಿಲ್ಲೆಯಲ್ಲಿ ಎರಡು ಸೀಳಿದ್ದರೆ ಎರಡನೇ ಹಂತ, ಮೂರು ಸೀಳಿದ್ದರೆ ಮೂರನೇ ಹಂತ. ಮೂರನೇ ಹಂತದಲ್ಲೂ ತಿನ್ನುತ್ತಿರುವ ಹುಳುವಿನ ತೆಳ್ಳನೆಯ ಚರ್ಮದೊಳಗೆ ಆಹಾರದ ಚೀಲ ಕಪ್ಪು ಮಚ್ಚೆಯಂತೆ ಕಾಣುತ್ತದೆ. ತಿಂದು ಮುಗಿಸಿ ಕೋಶ ಕಟ್ಟಲು ಜಾಗ ಹುಡುಕುತ್ತಿರುವ ಹುಳುವಿನಲ್ಲಿ ಆ ಮಚ್ಚೆ ಕುಗ್ಗುತ್ತ ಮಾಯವಾಗುತ್ತದೆ. ಇಂಥ ಹುಳು ಶವದ ಮೇಲೆ ಉಳಿಯದೆ ಹರಿದುಹೋಗಿ ಮಣ್ಣಿನಲ್ಲಿ, ತರಗೆಲೆಯಡಿ, ಒಳಗಾದರೆ ಚಾಪೆಯ ಕೆಳಗೆ ಕಂದು ಬಣ್ಣದ ಕೋಶವಾಗಿ ಕೂರುತ್ತದೆ. ಎಲ್ಲಕ್ಕಿಂತ ಹಳೆಯ ಹುಳು, ಅಂದರೆ ಲೆಕ್ಕಕ್ಕೆ ಬೇಕಾದ ಹುಳು, ಎಷ್ಟೋ ಸಲ ಶವದ ಮೇಲಿರದೆ ಕೆಲವು ಅಡಿ ದೂರದ ಮಣ್ಣಿನಲ್ಲಿರುತ್ತದೆ. ಶವವನ್ನಷ್ಟೇ ನೋಡಿ ಬಂದವರು ಮೊದಲ ದಿನದ ಸಾಕ್ಷಿಯನ್ನು ಅಲ್ಲೇ ಬಿಟ್ಟು ಬಂದಂತೆ.

ವೇಗ ನಿರ್ಧಾರವಾಗುವುದು ಶಾಖದಿಂದ. ಬರೀ ಉದಾಹರಣೆಗೆಂದು ಒಂದು ಲೆಕ್ಕ ಹೇಳುತ್ತೇನೆ: ಒಂದು ಜಾತಿಯ ನೊಣ 10 ಡಿಗ್ರಿಗಿಂತ ಕೆಳಗೆ ಬೆಳೆಯುವುದಿಲ್ಲ, ಮೊಟ್ಟೆಯಿಂದ ಒಂದು ಹಂತ ಮುಟ್ಟಲು ಅದಕ್ಕೆ 2,000 ಡಿಗ್ರಿ-ಗಂಟೆ (10ಕ್ಕಿಂತ ಮೇಲಿನ ಡಿಗ್ರಿಗಳನ್ನು ಗಂಟೆಗಳಿಂದ ಗುಣಿಸಿದ ಮೊತ್ತ) ಬೇಕು ಎಂದಿಟ್ಟುಕೊಳ್ಳೋಣ. 30 ಡಿಗ್ರಿ ಶಾಖದಲ್ಲಿ ಗಂಟೆಗೆ 20ರಂತೆ ಸೇರುತ್ತ 100 ಗಂಟೆಗೆ ಅದು ಪೂರ್ತಿಯಾಗುತ್ತದೆ. 20 ಡಿಗ್ರಿಯಲ್ಲಿ 200 ಗಂಟೆ ಹಿಡಿಯುತ್ತದೆ. ಕಲಬುರಗಿಯ ಮೇ ತಿಂಗಳ ಹುಳುವನ್ನೂ ಮಡಿಕೇರಿಯ ಜುಲೈ ತಿಂಗಳ ಹುಳುವನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಲಾಗದು.

ಸಾವಿನ ಸಮಯ ಹೇಳಲು ವೈದ್ಯರಿದ್ದಾರಲ್ಲ ಎಂದು ತಾವು ಕೇಳಬಹುದು. ಮೊದಲೆರಡು ದಿನಕ್ಕೆ ಖಂಡಿತ ಇದ್ದಾರೆ. ದೇಹ ತಣ್ಣಗಾಗುವ ವೇಗ, ಮೈ ಸೆಟೆದು ಮತ್ತೆ ಸಡಿಲವಾಗುವ ಕ್ರಮ ಇವೆಲ್ಲ ಆ ಅವಧಿಗೆ ದಾರಿ ತೋರುತ್ತವೆ. ಆದರೆ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಹೊರಗಿನ ಶಾಖವೇ ಮೈಯ ಶಾಖವನ್ನು ಮೀರಿರುವಾಗ ದೇಹ ತಣ್ಣಗಾಗುವುದಾದರೂ ಎಲ್ಲಿಂದ? ಮೂರನೇ ದಿನದಿಂದಾಚೆಗೆ ಉಬ್ಬಿದ, ಚರ್ಮ ಸುಲಿದ ಶವವನ್ನು ನೋಡಿ ಅಂದಾಜು ಹೇಳುವುದಷ್ಟೇ ಉಳಿಯುತ್ತದೆ. ಕೀಟಗಳ ಗಡಿಯಾರ ನೆರವಿಗೆ ಬರುವುದು ಸರಿಯಾಗಿ ಅಲ್ಲಿಂದ ಮುಂದೆ.

ಈ ವಿದ್ಯೆ ಹೊಸದೇನಲ್ಲ. ಚೀನಾದ ಸೋಂಗ್ ಸಿ ಎಂಬ ನ್ಯಾಯಾಧಿಕಾರಿ 1247ರಲ್ಲಿ ಬರೆದಿಟ್ಟ, ಊರವರ ಕುಡುಗೋಲುಗಳನ್ನೆಲ್ಲ ಸಾಲಾಗಿ ಇಡಿಸಿ, ನೊಣ ಮುತ್ತಿದ ಕುಡುಗೋಲಿನಿಂದ ಕೊಲೆಗಾರನನ್ನು ಹಿಡಿದ ಕಥೆಯನ್ನು ಬಹಳ ಜನ ಕೇಳಿರುತ್ತಾರೆ. ನನಗೆ ಅದಕ್ಕಿಂತ ಹತ್ತಿರದ್ದೆನಿಸುವುದು 1935ರ ಪ್ರಕರಣ. ಆ ವರ್ಷದ ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಮೊಫಟ್ ಊರಿನ ಬಳಿ ಹಳ್ಳವೊಂದರಲ್ಲಿ ಬಟ್ಟೆ, ಪತ್ರಿಕೆಗಳಲ್ಲಿ ಸುತ್ತಿ ಎಸೆದಿದ್ದ ದೇಹದ ತುಂಡುಗಳು ಸಿಕ್ಕವು. ಅವುಗಳ ಮೇಲಿದ್ದ ಹುಳುಗಳು ಗ್ಲ್ಯಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಮೆರ್ನ್ಸ್ ಅವರ ಕೈ ಸೇರಿದವು. ಅವುಗಳ ವಯಸ್ಸು 12ರಿಂದ 14 ದಿನ ಎಂದು ಅವರು ತೀರ್ಮಾನಿಸಿದರು. ಲ್ಯಾಂಕಾಸ್ಟರಿನ ವೈದ್ಯ ಬಕ್ ರಕ್ಸ್ಟನ್ ಮನೆಯಿಂದ ಇಬ್ಬರು ಹೆಂಗಸರು, ಅವನ ಜೊತೆ ಸಂಸಾರ ಮಾಡುತ್ತಿದ್ದಾಕೆ ಮತ್ತು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹುಡುಗಿ, ಕಾಣೆಯಾಗಿದ್ದ ದಿನಕ್ಕೆ ಅದು ತಾಳೆಯಾಯಿತು. ಮುಂಬಯಿಯಲ್ಲಿ ಹುಟ್ಟಿದ ಪಾರ್ಸಿ ಈ ರಕ್ಸ್ಟನ್. 1936ರ ಮೇ ತಿಂಗಳಲ್ಲಿ ಅವನಿಗೆ ಗಲ್ಲಾಯಿತು. ಹುಳುಗಳೇ ಅವನನ್ನು ಹಿಡಿದುಕೊಟ್ಟವೆಂದು ನಾನು ಹೇಳುವುದಿಲ್ಲ. ಲ್ಯಾಂಕಾಸ್ಟರ್ ಸುತ್ತಮುತ್ತ ಮಾತ್ರ ಮಾರಾಟವಾಗಿದ್ದ ಪತ್ರಿಕೆಯ ವಿಶೇಷ ಆವೃತ್ತಿಯ ಹಾಳೆ, ತಲೆಬುರುಡೆಯ ಚಿತ್ರದ ಮೇಲೆ ಭಾವಚಿತ್ರ ಹೊಂದಿಸಿ ನೋಡಿದ್ದು ಇವೆಲ್ಲ ಇನ್ನೂ ಬಲವಾದ ಸಾಕ್ಷ್ಯಗಳಾಗಿದ್ದವು. ಹುಳು ಆ ಸರಪಳಿಯ ಒಂದು ಕೊಂಡಿ. ಕೊಂಡಿಯಾಗಿರಲೆಂದೇ ನಾನೂ ಕೇಳುತ್ತಿರುವುದು.

ಇನ್ನೊಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು; ತಮ್ಮ ಇಲಾಖೆಗೆ ಅದರಲ್ಲಿ ಹೆಚ್ಚಿನ ಪಾಠವಿದೆ ಎಂಬುದು ನನ್ನ ಎಣಿಕೆ. ಕೆನಡಾದ ಆಂಟೇರಿಯೊ ಪ್ರಾಂತ್ಯದ ಕ್ಲಿಂಟನ್ ಬಳಿ 1959ರ ಜೂನ್ 9ರ ಸಂಜೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕಾಣೆಯಾದಳು. ಎರಡು ದಿನದ ಮೇಲೆ ತೋಪಿನಲ್ಲಿ ಅವಳ ಶವ ಸಿಕ್ಕಿತು. ಹೊಟ್ಟೆಯಲ್ಲಿದ್ದ ಆಹಾರವನ್ನು ನೋಡಿ ವೈದ್ಯರು, ಸಾವು ಸಂಜೆ ಏಳರಿಂದ ಏಳೂಮುಕ್ಕಾಲರ ಒಳಗೆ ಆಗಿದೆ ಎಂದರು. ಆ ಹೊತ್ತಿನಲ್ಲಿ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿದ್ದ ಹದಿನಾಲ್ಕು ವರ್ಷದ ಸಹಪಾಠಿ ಸ್ಟೀವನ್ ಟ್ರಸ್ಕಾಟ್‌ಗೆ ನ್ಯಾಯಾಲಯ ಗಲ್ಲುಶಿಕ್ಷೆ ವಿಧಿಸಿತು. ಅದು ಮುಂದೆ ಜೀವಾವಧಿಯಾಯಿತು, 1969ರಲ್ಲಿ ಪೆರೋಲ್ ಸಿಕ್ಕಿತು; ಕೊಲೆಗಾರನೆಂಬ ಹಣೆಪಟ್ಟಿ ಮಾತ್ರ ಹೋಗಲಿಲ್ಲ. ಆದರೆ 1959ರ ಆ ಬೇಸಿಗೆಯಲ್ಲಿ ಯಾರೋ ಒಬ್ಬರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಶವದ ಮೇಲಿನ ಹುಳುಗಳನ್ನು ಸಂಗ್ರಹಿಸಿ, ಪ್ರಯೋಗಾಲಯದಲ್ಲಿ ಸಾಕಿ, ಕಂಡದ್ದನ್ನು ಬರೆದಿಟ್ಟಿದ್ದರು. ಸುಮಾರು ಅರ್ಧ ಶತಮಾನದ ಮೇಲೆ ಆಂಟೇರಿಯೊ ಮೇಲ್ಮನವಿ ನ್ಯಾಯಾಲಯದ ಮುಂದೆ ಕೀಟತಜ್ಞರು ಅದೇ ಟಿಪ್ಪಣಿಗಳನ್ನು ಬಿಡಿಸಿ ನೋಡಿದರು. ಸಾವು ವೈದ್ಯರು ಹೇಳಿದ್ದಂತೆ ಇನ್ನೂ ಬೆಳಕಿರುವಾಗಲೇ ಆಗಿದ್ದರೆ ಅಂದೇ ಮೊಟ್ಟೆ ಬಿದ್ದು ಹುಳುಗಳು ಇನ್ನೂ ದೊಡ್ಡದಾಗಿರಬೇಕಿತ್ತು, ಮೊಟ್ಟೆ ಬಿದ್ದದ್ದು ಮರುದಿನ ಎಂದು ಟ್ರಸ್ಕಾಟ್ ಪರ ತಜ್ಞರು ವಾದಿಸಿದರು. ಸರ್ಕಾರದ ಪರ ತಜ್ಞರು ಒಪ್ಪಲಿಲ್ಲ. 2007ರ ಆಗಸ್ಟ್ 28ರಂದು ನ್ಯಾಯಾಲಯ ಟ್ರಸ್ಕಾಟ್‌ರನ್ನು ಖುಲಾಸೆ ಮಾಡಿತು. ಹೊಟ್ಟೆಯ ಆಹಾರ ನೋಡಿ ಮುಕ್ಕಾಲು ಗಂಟೆಯ ಅಂತರದಲ್ಲಿ ಸಮಯ ಹೇಳಿದ್ದ ಹಳೆಯ ಅಭಿಪ್ರಾಯ ನಿಲ್ಲುವಂಥದ್ದಲ್ಲ ಎಂಬುದು ಅಲ್ಲಿ ಮುಖ್ಯವಾಯಿತು, ಕೀಟತಜ್ಞರಲ್ಲೇ ಭಿನ್ನಾಭಿಪ್ರಾಯವಿತ್ತು. ಆದರೂ ಇಬ್ಬರಿಗೂ ವಾದಿಸಲು ಒಂದು ದಾಖಲೆಯಿತ್ತು. ನನ್ನ ವಿದ್ಯಾರ್ಥಿಯ ಬಾಟಲಿಯ ಬಗ್ಗೆ ಯಾರೂ ವಾದಿಸುವಂತಿರಲಿಲ್ಲ.

ಹುಳು ಇಲ್ಲದಿರುವುದೂ ಸಾಕ್ಷಿಯೇ. ಅಮೆರಿಕದ ಲಾಸ್ ವೇಗಸ್‌ನಲ್ಲಿ 2001ರ ಜುಲೈನಲ್ಲಿ ಹೊರಗೆ ಕಸದ ತೊಟ್ಟಿಯ ಬಳಿ ಒಬ್ಬನ ಶವ ರಾತ್ರಿ ಸುಮಾರು ಹತ್ತರ ವೇಳೆಗೆ ಸಿಕ್ಕಿತು. ಕೊಲೆಯ ಅಪರಾಧಕ್ಕೆ ಯುವತಿಯೊಬ್ಬಳು ವರ್ಷಾನುಗಟ್ಟಲೆ ಜೈಲಿನಲ್ಲಿದ್ದಳು. ಜುಲೈನ ಬಿಸಿಲಿನಲ್ಲಿ ಹಗಲು ಹೊತ್ತು ಸತ್ತಿದ್ದರೆ ಮೈಮೇಲೆ ನೊಣದ ಮೊಟ್ಟೆಗಳು ಇರಲೇಬೇಕಿತ್ತು, ಒಂದೂ ಇರಲಿಲ್ಲ, ಆದ್ದರಿಂದ ಸಾವು ಕತ್ತಲಾಗುವ ಹೊತ್ತಿಗೆ ಆಗಿದೆ ಎಂದು ಕೀಟತಜ್ಞರು ಸಾಕ್ಷಿ ನುಡಿದರು. ಆ ಹೊತ್ತಿಗೆ ಅವಳು ನೂರೈವತ್ತು ಮೈಲಿಗೂ ಆಚೆಯ ತನ್ನೂರಿನಲ್ಲಿದ್ದಳು. 2017ರ ಡಿಸೆಂಬರಿನಲ್ಲಿ ಶಿಕ್ಷೆ ರದ್ದಾಯಿತು. ಮಹಜರಿನಲ್ಲಿ "ಮೊಟ್ಟೆ, ಹುಳು ಹುಡುಕಲಾಯಿತು, ಕಂಡುಬರಲಿಲ್ಲ" ಎಂಬ ಒಂದು ಸಾಲಿಗೆ ಎಂಥ ಬೆಲೆಯಿದೆ ಎಂದು ತೋರಿಸಲು ಇದನ್ನು ಹೇಳಿದೆ.

ನಮ್ಮ ರಾಜ್ಯದ ಮಟ್ಟಿಗೆ ವಿಷದ ವಿಚಾರವನ್ನೂ ಸೇರಿಸಬೇಕು. ಕ್ರಿಮಿನಾಶಕ ಸಿಗದ ಹಳ್ಳಿ ನಮ್ಮಲ್ಲಿಲ್ಲ. ಕ್ರಿಮಿನಾಶಕ ಸೇರಿದ ದೇಹಕ್ಕೆ ನೊಣಗಳು ತಡವಾಗಿ ಬರಬಹುದು, ಬಂದರೂ ಹುಳುಗಳು ಚೆನ್ನಾಗಿ ಬೆಳೆಯದಿರಬಹುದು. ಇದು ಲೆಕ್ಕ ತಪ್ಪಿಸುತ್ತದೆ ಎಂಬುದು ಒಂದು. ದೇಹ ಕೊಳೆತು ಪರೀಕ್ಷೆಗೆ ಏನೂ ಸಿಗದಂತಾದಾಗಲೂ ವಿಷ ಹುಳುವಿನಲ್ಲಿ ಸಿಗಬಹುದು ಎಂಬುದು ಇನ್ನೊಂದು. ಹವಾಯಿಯಲ್ಲಿ ಕೊಳೆತ ಶವವೊಂದರ ಮೇಲಿನ ಹುಳುಗಳಲ್ಲೇ ಮೆಲಾಥಿಯಾನ್ ಎಂಬ ಕ್ರಿಮಿನಾಶಕವನ್ನು ಪತ್ತೆ ಮಾಡಿದ ವರದಿ 1989ರಲ್ಲೇ ಪ್ರಕಟವಾಗಿದೆ.

ಇದರ ಮಿತಿಗಳನ್ನು ಮುಚ್ಚಿಟ್ಟು ತಮ್ಮನ್ನು ಒಪ್ಪಿಸುವ ಇಚ್ಛೆ ನನಗಿಲ್ಲ. ಹುಳು ಹೇಳುವುದು ಮೊಟ್ಟೆ ಬಿದ್ದ ಸಮಯವನ್ನೇ ಹೊರತು ಸಾವಿನ ಸಮಯವನ್ನಲ್ಲ. ಗೋಣಿಚೀಲದಲ್ಲಿ ಕಟ್ಟಿದ, ಹೂತಿಟ್ಟ, ಬಾವಿಯಲ್ಲಿ ಮುಳುಗಿದ್ದ ಶವಕ್ಕೆ ನೊಣ ತಲುಪುವುದು ತಡವಾಗುತ್ತದೆ. ರಾತ್ರಿ, ಬಿರುಮಳೆಯಲ್ಲಿ ಅವು ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಕೆಲವೊಮ್ಮೆ ಇದು ತಿರುವುಮುರುವಾಗುತ್ತದೆ: ದನದ ಗಾಯಕ್ಕೆ ಹುಳು ಬಿದ್ದು ಸೀತಾಫಲದ ಎಲೆ ಅರೆದು ತುಂಬಿದ್ದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿದ್ದಾರೆ, ಆರೈಕೆಯಿಲ್ಲದೆ ಮಲಗಿದ ಮನುಷ್ಯರ ಗಾಯಕ್ಕೂ ಬದುಕಿರುವಾಗಲೇ ಹುಳು ಬೀಳುತ್ತದೆ. ಹುಳುಗಳು ದಟ್ಟವಾಗಿ ಸೇರಿದಾಗ ಆ ರಾಶಿಯ ಶಾಖ ಹೊರಗಿನದಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚಾಗಿರಬಹುದು. ಕ್ರೈಸೋಮಿಯಾ ರೂಫಿಫೇಸೀಸ್ ಎಂಬ ಮುಳ್ಳುಮುಳ್ಳಿನ ಹುಳುವಂತೂ ತನಗಿಂತ ಮೊದಲು ಬಂದ ಹುಳುಗಳನ್ನೇ ತಿಂದುಹಾಕಿ ಸಾಕ್ಷಿ ಅಳಿಸುತ್ತದೆ. ಆದ್ದರಿಂದ ಉತ್ತರ ಯಾವಾಗಲೂ "ಇಷ್ಟರಿಂದ ಇಷ್ಟು ದಿನ" ಎಂದೇ ಇರಬೇಕು. ತಾರೀಖು, ಗಂಟೆ ಸಮೇತ ಹೇಳುವ ಕೀಟತಜ್ಞರನ್ನು ತಮ್ಮ ಸರ್ಕಾರಿ ವಕೀಲರು ನಂಬಬಾರದು.

ಇನ್ನು ನಮ್ಮ ಕಾನೂನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ, ಏಳು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆನ್ನುತ್ತದೆ. ಯಾವ ದಿನದಿಂದ ಎಂಬುದನ್ನು ಐದು ವರ್ಷದೊಳಗೆ ಪ್ರಕಟಿಸುವುದು ರಾಜ್ಯಕ್ಕೆ ಬಿಟ್ಟದ್ದು. ತಜ್ಞರ ಅಭಿಪ್ರಾಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಜಾಗ ಕೊಟ್ಟಿದೆ. ಹೀಗಾಗಿ ಹೊಸ ಕಾಯ್ದೆ ಬೇಕಿಲ್ಲ. ಆದರೆ ಶವಪಂಚನಾಮೆ ಮಾಡಿಸುವ, ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಗಾಯ, ಮೂಳೆಮುರಿತ, ಬಾಸುಂಡೆಗಳನ್ನು ವಿವರಿಸಬೇಕೆನ್ನುತ್ತದೆಯೇ ಹೊರತು ಹುಳುವಿನ ಮಾತೆತ್ತುವುದಿಲ್ಲ. ಪೇದೆಯೊಬ್ಬರು ಮೂಗು ಮುಚ್ಚಿಕೊಂಡು "ಹುಳು ಬಿದ್ದಿರುತ್ತದೆ" ಎಂದು ಬರೆದರೆ ಅದೇ ದೊಡ್ಡದು. ಆ ನಮೂನೆಗೆ ತಮ್ಮ ಸುತ್ತೋಲೆಯ ಮೂಲಕ ಒಂದು ಪುಟ ಸೇರಿದರೆ ಸಾಕು: ಶವದ ಯಾವ ಭಾಗದಲ್ಲಿ ಮೊಟ್ಟೆ, ಹುಳು, ಕೋಶ ಕಂಡವು ಅಥವಾ ಕಾಣಲಿಲ್ಲ, ಬಿಸಿಲೋ ನೆರಳೋ, ಹೊರಗಿನ ಶಾಖವೆಷ್ಟು, ಹುಳುರಾಶಿಯ ಶಾಖವೆಷ್ಟು, ಮಣ್ಣನ್ನು ಎಷ್ಟು ದೂರದವರೆಗೆ ಕೆದಕಲಾಯಿತು, ಶವವನ್ನು ಶೈತ್ಯಾಗಾರಕ್ಕೆ ಇಟ್ಟದ್ದು ಎಷ್ಟು ಗಂಟೆಗೆ.

ಠಾಣೆಯ ಜೀಪಿನಲ್ಲಿ ಇರಬೇಕಾದ ಸಾಮಾನೂ ಅಷ್ಟೇ ಕಡಿಮೆ. ಒಂದು ಥರ್ಮಾಮೀಟರ್, ಚಮಚ, ಫ್ಲಾಸ್ಕಿನಲ್ಲಿ ಬಿಸಿನೀರು, ಬಾಟಲಿಗಳು, ಶೇಕಡ 80ರ ಆಲ್ಕೋಹಾಲ್. ದೊಡ್ಡದು, ಚಿಕ್ಕದು ಎನ್ನದೆ ಪ್ರತಿ ಜಾಗದಿಂದ ಹುಳುಗಳನ್ನು ತೆಗೆದು ಅರ್ಧದಷ್ಟನ್ನು ಬಿಸಿನೀರಿಗೆ ಹಾಕಿ ತಕ್ಷಣ ಕೊಂದು ಆಲ್ಕೋಹಾಲಿಗೆ ವರ್ಗಾಯಿಸಬೇಕು. ಹಾಗೆ ಮಾಡಿದರೆ ಹುಳು ಕುಗ್ಗದೆ ನೀಟಾಗಿ ಚಾಚಿಕೊಂಡಿರುತ್ತದೆ. ಉಳಿದರ್ಧವನ್ನು ಒಂದು ತುಂಡು ಲಿವರ್ ಜೊತೆ, ತಳಕ್ಕೆ ಮರದ ಹೊಟ್ಟು ಹಾಕಿ, ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿ ಜೀವಂತ ಕಳಿಸಬೇಕು. ಅದು ನೊಣವಾಗಿ ಹೊರಬಂದ ಮೇಲೆಯೇ ಜಾತಿಯನ್ನು ಗಟ್ಟಿಯಾಗಿ ಹೇಳಲು ಆಗುವುದು. ಮುಚ್ಚಳ ಬಿಗಿದ ಬಾಟಲಿಯಲ್ಲಿ ಅದು ಉಸಿರುಕಟ್ಟಿ ಸಾಯುತ್ತದೆ. ಮತ್ತು ದಯವಿಟ್ಟು, ಫಾರ್ಮಲಿನ್ ಬೇಡ.

ಕಳಿಸುವುದು ಎಲ್ಲಿಗೆ? ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಮತ್ತು ಅದರ ಪ್ರಾದೇಶಿಕ ಶಾಖೆಗಳ ಮೇಲೆ ಈಗಿರುವ ಹೊರೆಗೆ ಇದನ್ನೂ ಹೇರಿ ಎಂದು ನಾನು ಹೇಳುವುದಿಲ್ಲ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗಗಳ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕೀಟಶಾಸ್ತ್ರ ವಿಭಾಗಗಳಿವೆ, ಹುಳು ಸಾಕುವ ಕೊಠಡಿಗಳಿವೆ, ಆ ಕೆಲಸ ಬಲ್ಲ ಹುಡುಗ ಹುಡುಗಿಯರಿದ್ದಾರೆ. ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡಕ್ಕೇ ಬಂದಿದೆ. ಒಂದು ಒಡಂಬಡಿಕೆಯಿಂದ ಇವನ್ನೆಲ್ಲ ಪ್ರಯೋಗಾಲಯಕ್ಕೆ ಜೋಡಿಸಬಹುದು. ಹಾಗೆ ಜೋಡಿಸುವಾಗ ಕರಾವಳಿ, ಮಲೆನಾಡು, ಬಯಲುಸೀಮೆಗಳ ಸಾಮಾನ್ಯ ನೊಣಗಳು ಯಾವ ಶಾಖದಲ್ಲಿ ಎಷ್ಟು ಬೆಳೆಯುತ್ತವೆ ಎಂಬ ನಮ್ಮದೇ ಕೋಷ್ಟಕಗಳನ್ನೂ ಸಿದ್ಧಪಡಿಸಬೇಕು. ಪರದೇಶದ ಕೋಷ್ಟಕ ಹಿಡಿದು ಪಾಟೀಸವಾಲಿಗೆ ನಿಂತ ತಜ್ಞರನ್ನು ಚುರುಕಾದ ವಕೀಲರು ಹತ್ತು ನಿಮಿಷದಲ್ಲಿ ಕೂರಿಸುತ್ತಾರೆ, ಅದು ನ್ಯಾಯವೂ ಹೌದು. ಶಾಖದ ದಾಖಲೆಗೆ ನಾವು ಪರದಾಡಬೇಕಾಗಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ರೈತರಿಗೆ ಮಳೆ ಹೇಳಲೆಂದು ಇಟ್ಟ ಆ ಯಂತ್ರಗಳು, ಶವ ಸಿಕ್ಕ ಜಾಗದ ಹಿಂದಿನ ಹತ್ತು ದಿನದ ಶಾಖ ಲೆಕ್ಕಹಾಕಲೂ ಒದಗುತ್ತವೆ.

ಕೊನೆಗೆ ಶವಾಗಾರದ ನೀರಿನ ಪೈಪು. ದುರ್ವಾಸನೆಯ ನಡುವೆ, ಕೈಗವಸೂ ಸರಿಯಾಗಿಲ್ಲದೆ ಕೆಲಸ ಮಾಡುವ ಅಲ್ಲಿನ ಸಿಬ್ಬಂದಿಯನ್ನು ನಾನು ದೂರುತ್ತಿಲ್ಲ; ತೊಳೆಯಬೇಡಿ ಎಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ. ಆರೋಗ್ಯ ಇಲಾಖೆಯ ಜೊತೆ ಮಾತಾಡಿ ಪ್ರತಿ ಶವಾಗಾರದ ನಲ್ಲಿಯ ಮೇಲ್ಗಡೆ "ಹುಳು ತೆಗೆದ ನಂತರವೇ ನೀರು" ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧಕ್ಕೆ, ಪೊಲೀಸ್ ತರಬೇತಿ ಶಾಲೆಗಳಿಗಾಗಲಿ ಜಿಲ್ಲಾ ಆಸ್ಪತ್ರೆಗಳಿಗಾಗಲಿ ಕರೆದಲ್ಲಿಗೆ ನನ್ನ ಸ್ವಂತ ಸೂಕ್ಷ್ಮದರ್ಶಕ ಹೊತ್ತು ಬಂದು ಹೇಳಿಕೊಡಲು ಸಿದ್ಧನಿದ್ದೇನೆ. ಭತ್ಯೆ ಬೇಡ. ಊಟಕ್ಕೆ ಮುಂಚಿನ ಅವಧಿ ಕೊಟ್ಟರೆ ಒಳ್ಳೆಯದು. ಊಟವಾದ ಮೇಲೆ ಈ ಪಾಠ ಕೇಳುವವರು ಕಡಿಮೆ.

ತಮ್ಮ ವಿಶ್ವಾಸಿ,
ನಿವೃತ್ತ ಕೀಟಶಾಸ್ತ್ರ ಪ್ರಾಧ್ಯಾಪಕ